ಮತ್ತಿ ಮರದ ಬುಡದಲ್ಲಿ ಉಳಿದ ಕಲ್ಲು

ಸುದ್ದಿ ಬಂದದ್ದು ಶಾಲೆಯ ವಾಟ್ಸಾಪ್ ಗುಂಪಿನಲ್ಲಿ. "ನಮ್ಮ ಪೀಟಿ ಸರ್ ಇನ್ನಿಲ್ಲ" ಎಂಬ ಒಂದು ಸಾಲು, ಅದರ ಕೆಳಗೆ ಹತ್ತಿಪ್ಪತ್ತು ಜನರ ಕೈ ಮುಗಿದ ಚಿತ್ರಗಳು. ನಾನು ಆಗ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ಒಲೆ ಆರಿಸಿ ನಾನೂ ಅಂಥದೇ ಒಂದು ಚಿತ್ರ ಒತ್ತಿ ಕಳಿಸಿದೆ. ಕಳಿಸಿದ ಮರುಗಳಿಗೆಗೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಏಳು ವರ್ಷ ಅವರೆದುರು ಬಾಯಿಂದ ಹೊರಡದ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡವಳು ಹೆಬ್ಬೆರಳು ಒತ್ತಿ ಕೈ ತೊಳೆದುಕೊಂಡೆನಲ್ಲ!

ಅವರ ಹೆಸರು ಬರೆಯುವುದಿಲ್ಲ. ಬರೆಯುವ ಹಕ್ಕು ನನಗಿಲ್ಲ ಅನಿಸುತ್ತದೆ. ದಾಂಡೇಲಿಯ ಅಂಬೇವಾಡಿಯಿಂದ ದಿನಾ ಬಸ್ಸು ಹತ್ತಿ ಹಳಿಯಾಳದ ಕಡೆಯ ನಮ್ಮ ಹೈಸ್ಕೂಲಿಗೆ ಬರುತ್ತಿದ್ದರು. ಅಪ್ಪ ಕಾಡಿನಲ್ಲಿ ಬಿದಿರು ಕಡಿಯುವ ಗುಂಪಿನಲ್ಲಿದ್ದವರು. ಮಗ ಓದಿ ಪೀಟಿ ಮಾಸ್ತರನಾದ. ಬಿಳಿ ಬೂಟಿಗೆ ದಿನಾ ಸುಣ್ಣ ಹಚ್ಚಿದಂತೆ ಪಾಲಿಶ್ ಮಾಡುತ್ತಿದ್ದರು, ಆದರೆ ಅಂಗಿಯ ಗುಂಡಿ ಮಾತ್ರ ಸದಾ ಒಂದು ಮನೆ ತಪ್ಪಿರುತ್ತಿತ್ತು. ಎಡ ಜೇಬಿನಲ್ಲಿ ಸುತಳಿ, ಸೇಫ್ಟಿ ಪಿನ್ನು, ಒಂದು ತುಂಡು ಬೆಲ್ಲ. ಚಪ್ಪಲಿ ಕಿತ್ತವರಿಗೆ ಸುತಳಿ, ಅಂಗಿ ಹರಿದವರಿಗೆ ಪಿನ್ನು, ಅಳುವವರಿಗೆ ಬೆಲ್ಲ. ಅವರ ಸೀಟಿಯೊಳಗಿನ ಕಾಳು ಎಂದೋ ಬಿದ್ದುಹೋಗಿ, ಊದಿದರೆ ಚಹಾದ ಕಿಟ್ಲಿ ಕುದ್ದ ಹಾಗೆ ಸುಂಯ್ ಅನ್ನುತ್ತಿತ್ತು. "ಹೊಸಾದು ತಗೋರಿ ಸರ್ರ" ಎಂದು ನಾನು ಅಂದರೆ, "ಯಾಕ್ರಿ ಬಾಯಾರ? ಕೇಳಾವರಿಗೆ ಇದೂ ಕೇಳತೈತಿ. ಕೇಳಲಾರದವರಿಗೆ ನಗಾರಿ ಬಾರಿಸಿದ್ರೂ ಅಷ್ಟ" ಎನ್ನುವರು.

ಹುಡುಗರಿಗೂ ಹುಡುಗಿಯರಿಗೂ ಒಂದೇ ಹೆಸರು, "ಬೇಟಾ". ಬಹಳ ಸಿಟ್ಟು ಬಂದಾಗ "ಏ ಶಾಣ್ಯಾ". ಅದಕ್ಕಿಂತ ದೊಡ್ಡ ಬೈಗುಳ ಅವರಿಗೆ ಬರುತ್ತಿರಲಿಲ್ಲ. ನಾನು ಕನ್ನಡ ಕಲಿಸುವವಳು, ಶಾಲೆಯಲ್ಲಿ ಎಲ್ಲರಿಗೂ ಬಾಯಾರ, ಮುಂಡಗೋಡದ ಪಾಳಾದವಳು. ಬೈಗುಳಕ್ಕೆ ನಮ್ಮ ಕಡೆ ಬರಗಾಲವಿಲ್ಲ. "ಸರ್ರ, ನಿಮ್ಮ ಪಾಲಿಂದೂ ನಾನ ಬೈತೇನಿ ಬಿಡ್ರಿ" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. "ಬೈರಿ, ಬೈರಿ, ನೀವು ಬೈದ್ರ ಕನ್ನಡಾನೂ ಕಲೀತಾರ" ಎಂದು ಅವರು ನಗುತ್ತಿದ್ದರು.

ವರ್ಷಕ್ಕೊಮ್ಮೆ, ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ಒಂಬತ್ತನೇ ಇಯತ್ತೆಯ ಮಕ್ಕಳನ್ನು ಮೂರು ದಿನ ಜೋಯಿಡಾದ ಕಾಡಿಗೆ ಕರೆದೊಯ್ಯುತ್ತಿದ್ದರು. ಗಣೇಶಗುಡಿಯ ಆಚೆ ಒಂದು ಬಯಲಿನಲ್ಲಿ ಡೇರೆ, ಅಡುಗೆಗೆ ಊರಿನ ಒಬ್ಬ ಆಯಿ, ಬೆಳಿಗ್ಗೆ ಎದ್ದು ಗುಡ್ಡ ಹತ್ತುವುದು, ಮಧ್ಯಾಹ್ನ ಇಳಿದು ಬಂದು ಉಣ್ಣುವುದು. ಅರಣ್ಯದವರ ಪರವಾನಗಿಯಿಂದ ಹಿಡಿದು ಉಪ್ಪಿನಕಾಯಿಯವರೆಗೆ ಎಲ್ಲ ಅವರದೇ ಓಡಾಟ. ಹೆಣ್ಣುಮಕ್ಕಳೂ ಬರುತ್ತಾರೆಂದು ಒಬ್ಬ ಶಿಕ್ಷಕಿ ಬೇಕಿತ್ತು, ಹಾಗಾಗಿ ನಾನು.

ಮೊದಲ ವರ್ಷ ನನ್ನ ಮರ್ಯಾದೆ ಕಾಡಿನ ಬಾಯಲ್ಲೇ ಹೋಯಿತು. ಸಾಲು ಹೊರಡುವ ಮುಂಚೆ ಅವರು ಕೇಳಿದರು: "ನಿಮ್ಮಾಗ ಎಲ್ಲಾರಕಿಂತ ಸಾವಕಾಶ ನಡಿಯಾವರು ಯಾರು?" ಮಕ್ಕಳೆಲ್ಲ ನನ್ನ ಕಡೆ ನೋಡಿ ಕಿಸಕ್ಕನೆ ನಕ್ಕರು. ಬಯಲು ಸೀಮೆಯ ಹೊಲದ ಬದುವಿನ ಮೇಲೆ ನಡೆದವಳಿಗೆ ಆ ಏರು ಎಲ್ಲಿ ದಕ್ಕಬೇಕು! "ಹಂಗಾರ ಬಾಯಾರ, ಇವತ್ತ ನೀವ ಲೀಡರ್. ಮುಂದ ಬರ್ರಿ. ನಿಮ್ಮನ್ನ ಯಾರೂ ದಾಟಂಗಿಲ್ಲ" ಎಂದರು. ಅವರ ಪದ್ಧತಿಯೇ ಅದು. ನಿಧಾನದವರು ಮುಂದೆ, ಓಡುವ ಹುಲಿಗಳು ನಡುವೆ, ತಾವು ಕಟ್ಟಕಡೆಗೆ. ಅವರು ಎಂದೂ ಮುಂದೆ ನಡೆದದ್ದನ್ನು ನಾನು ಕಾಣೆ. "ಮುಂದ ಇದ್ದಾವಗ ದಾರಿ ಅಷ್ಟ ಕಾಣತೈತ್ರಿ. ಹಿಂದ ಇದ್ದಾವಗ ಮಂದಿ ಕಾಣ್ತಾರ" ಎನ್ನುತ್ತಿದ್ದರು.

ಹಕ್ಕಿಯ ಹೆಸರು ಕೇಳಿದರೆ ಅವರಿಗೆ ಅರ್ಧದಷ್ಟು ಗೊತ್ತಿರುತ್ತಿರಲಿಲ್ಲ. ಅದಕ್ಕೆ ನಾಚಿಕೆಯೂ ಇರಲಿಲ್ಲ. "ಹೆಸರು ಗೊತ್ತಿಲ್ಲ ಬೇಟಾ. ಆದರ ಇದು ಈ ಗಿಡಕ್ಕ ದಿನಾ ಬರತೈತಿ, ಹೆಂಡತಿ ಕೂಡ ಜಗಳಾಡಿ ಆ ಗಿಡಕ್ಕ ಹೋಗತೈತಿ" ಎಂದು ಹೇಳುವರು. ಮಕ್ಕಳಿಗೆ ಅದು ನೆನಪಿರುತ್ತಿತ್ತು.

ಇನ್ನು ಕಲ್ಲಿನ ವಿಷಯ.

ಡೇರೆಯಿಂದ ಅರ್ಧ ಮೈಲು ದೂರದಲ್ಲಿ, ಕಾಲುದಾರಿ ಕಾಡಿನೊಳಗೆ ಹೊಗುವ ಜಾಗದಲ್ಲಿ ಒಂದು ಹಳೆಯ ಮತ್ತಿ ಮರವಿತ್ತು. ಒಳಗೆ ಹೋಗುವ ಪ್ರತಿಯೊಬ್ಬರೂ ಒಂದು ಕಲ್ಲು ಆರಿಸಿ ಅದರ ಬುಡದಲ್ಲಿ ಇಡಬೇಕು. ಇಡುವಾಗ "ಹೋಗಿ ಬರ್ತೇನ್ರಿ ಸರ್ರ" ಎನ್ನಬೇಕು. ತಿರುಗಿ ಬಂದ ಮೇಲೆ ತನ್ನ ಕಲ್ಲನ್ನು ತಾನೇ ಎತ್ತಿಕೊಂಡು "ಬಂದೇನ್ರಿ ಸರ್ರ" ಎನ್ನಬೇಕು. ಆಗ ಅವರು "ಆತು, ಊಟಕ್ಕ ನಡಿ" ಎನ್ನುವರು. ನಲವತ್ತು ಮಕ್ಕಳಿಗೆ ನಲವತ್ತು ಸಲ, ಒಂದಿಷ್ಟೂ ಬೇಸರವಿಲ್ಲದೆ.

ಇದು ಅವರ ಅಪ್ಪನ ಗುಂಪಿನ ಪದ್ಧತಿಯಂತೆ. ಡೇರೆಯಲ್ಲಿ ಮೊದಲ ಸಂಜೆ ಚಹಾ ಕುಡಿಯುವಾಗ ಪ್ರತಿ ವರ್ಷ ಮಕ್ಕಳಿಗೆ ಆ ಕಥೆ ಹೇಳುತ್ತಿದ್ದರು. ಬಿದಿರು ಕಡಿಯುವವರು ಬೆಳಿಗ್ಗೆ ಕಲ್ಲು ಇಟ್ಟು ಹೋಗುವರು, ಸಂಜೆ ಎತ್ತಿಕೊಳ್ಳುವರು. ಕಲ್ಲು ಉಳಿದರೆ ಒಬ್ಬ ಒಳಗಿದ್ದಾನೆ ಎಂದರ್ಥ. ಅವರು ಹುಟ್ಟುವ ಮೊದಲು ಒಂದು ಸಂಜೆ, ಅವರ ಚಿಕ್ಕಪ್ಪನ ಕಲ್ಲನ್ನು ಗೆಳೆಯನೊಬ್ಬ "ಹಿಂದ ಬರಾಕ ಹತ್ಯಾನ, ನಾನ ತಗೋತೇನಿ" ಎಂದು ಪ್ರೀತಿಯಿಂದ ಎತ್ತಿಕೊಂಡ. ಎಲ್ಲರೂ ಮನೆಗೆ ಹೋದರು. ಚಿಕ್ಕಪ್ಪ ಸಿಕ್ಕಿದ್ದು ಮೂರು ದಿನದ ಮೇಲೆ. "ಒಬ್ಬರ ಕಲ್ಲ ಇನ್ನೊಬ್ಬರು ಇಡಬಾರದು, ಇನ್ನೊಬ್ಬರು ಎತ್ತಬಾರದು. ಇಟ್ಟವರ ಎತ್ತಬೇಕು. ತಿಳೀತೇನ್ ಬೇಟಾ?" ಎನ್ನುವಾಗ ಅವರ ದನಿ ತಗ್ಗುತ್ತಿತ್ತು. ಮಕ್ಕಳು ಚಹಾದ ಲೋಟ ಹಿಡಿದು ಹಾಗೇ ಕೂತಿರುತ್ತಿದ್ದರು. ನಾನೂ ಕೂತಿರುತ್ತಿದ್ದೆ. ಆ ಕಥೆಯನ್ನು ನಾಲ್ಕು ವರ್ಷ ಕೇಳಿದವಳು ನಾನು.

ಏಳು ವರ್ಷದ ಹಿಂದಿನ ಆ ಬೆಳಿಗ್ಗೆ ನಲವತ್ತೆರಡು ಮಕ್ಕಳು ಮತ್ತಿ ಮರದ ಹತ್ತಿರ ಸಾಲು ನಿಂತಿದ್ದರು. ಸ್ವಲ್ಪ ದೂರದಲ್ಲಿ ಎಮ್ಮೆ ಮೇಯಿಸುತ್ತಿದ್ದ ಗೌಳಿವಾಡದ ಮೂರು ನಾಲ್ಕು ಪುಟ್ಟ ಮಕ್ಕಳು ನಮ್ಮ ಕಲ್ಲಿನ ಆಟವನ್ನು ಬಾಯಿ ತೆರೆದು ನೋಡುತ್ತಿದ್ದವು. ಅಷ್ಟರಲ್ಲಿ ನನ್ನ ತರಗತಿಯ ಒಬ್ಬ ಹುಡುಗಿ ಬಂದು ನನ್ನ ಸೆರಗು ಜಗ್ಗಿದಳು. ಮುಖ ಬಿಳಿಚಿತ್ತು. ಮುಟ್ಟಾಗಿದ್ದಳು, ಅದೂ ಮೊದಲ ಸಲ. ಲಂಗಕ್ಕೆ ಕಲೆಯಾಗಿತ್ತು.

"ಡೇರೆಗೆ ಹೋಗವ್ವಾ, ಆಯಿ ಅದಾಳ. ನನ್ನ ಚೀಲದಾಗ ಎಲ್ಲಾ ಐತಿ" ಎಂದೆ.

"ನನ್ನ ಕಲ್ಲ ಇಲ್ಲಾಂದ್ರ ಎಲ್ಲಾರೂ ಕೇಳ್ತಾರ್ರಿ ಬಾಯಾರ, ಯಾಕ ಬರಲಿಲ್ಲ ಅಂತ. ಹುಡುಗೂರು ನಗತಾರ್ರಿ." ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

ನನಗೆ ನನ್ನ ಹನ್ನೆರಡನೇ ವರ್ಷ ನೆನಪಾಯಿತು. ಕೊಟ್ಟಿಗೆಯ ಪಕ್ಕದ ಕೋಣೆ, ಬಾಗಿಲಾಚೆ ಪಿಸುಗುಟ್ಟುವ ನೆರೆಯವರು. "ಹುಚ್ಚಿ, ಅಳಬ್ಯಾಡ. ನಿನ್ನ ಕಲ್ಲ ನಾನ ಇಡ್ತೇನಿ. ನಾವು ತಿರುಗಿ ಬರೂದ್ರಾಗ ಇಲ್ಲಿ ಬಂದು ಸಾಲಿನ್ಯಾಗ ಸೇರ್ಕೊ, ಕಲ್ಲ ತಗೋ. ಯಾರಿಗೂ ಗೊತ್ತಾಗಂಗಿಲ್ಲ" ಎಂದೆ. ಅವಳು ಹೋದಳು. ಅವಳಿಗೆಂದು ಒಂದು ಚೆಂದದ ಕಲ್ಲನ್ನೇ ಹುಡುಕಿದೆ. ಬಿಳಿಯದು, ನಡುವೆ ಒಂದು ಕೆಂಪು ಗೆರೆ. ಗದ್ದಲದಲ್ಲಿ ನನ್ನ ಕಲ್ಲಿನ ಜೊತೆ ಅದನ್ನೂ ಇಟ್ಟೆ. ಒಳ್ಳೆಯ ಕೆಲಸ ಮಾಡಿದೆ ಎಂದು ಗುಡ್ಡ ಹತ್ತುವಷ್ಟು ಹೊತ್ತೂ ನನ್ನೊಳಗೆ ಒಂದು ಬೀಗು ಬೇರೆ!

ಮಧ್ಯಾಹ್ನ ಇಳಿದು ಬಂದೆವು. ಹುಡುಗಿ ಹೇಳಿದಂತೆ ಬಂದು ಮರದ ಹಿಂದಿನಿಂದ ಸಾಲಿಗೆ ಸೇರಿಕೊಂಡಿದ್ದಳು. ಮಕ್ಕಳು ಒಬ್ಬೊಬ್ಬರಾಗಿ ಕಲ್ಲು ಎತ್ತಿ "ಬಂದೇನ್ರಿ ಸರ್ರ" ಎಂದರು. ನಾನೂ ಎತ್ತಿದೆ, ಗಟ್ಟಿಯಾಗಿಯೇ ಹೇಳಿದೆ. ಬೆಳಿಗ್ಗೆಯಿಂದ ಹಾಜರಿ ಪಟ್ಟಿ ನನ್ನ ಕೈಯಲ್ಲೇ ಇತ್ತು. ಹೆಸರು ಕೂಗಿದೆ. ನಲವತ್ತೆರಡು, ಸರಿ.

ಬುಡದಲ್ಲಿ ಬಿಳಿ ಕಲ್ಲು ಹಾಗೇ ಉಳಿದಿತ್ತು.

"ಇದು ಯಾರದು?" ಸರ್ ಕೇಳಿದರು. ಆ ಹುಡುಗಿ ನನ್ನ ಮುಖ ನೋಡಿದಳು. ಆಗ ನನಗೆ ತಿಳಿಯಿತು: ಇಟ್ಟವರೇ ಎತ್ತಬೇಕು ಎಂದು ಸರ್ ಹೇಳಿದ್ದರಲ್ಲ, ತಾನು ಇಡದ ಕಲ್ಲನ್ನು ಅವಳು ಮುಟ್ಟಿರಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಇದ್ದ ನಿಯತ್ತು ನನಗೆ ಇರಲಿಲ್ಲ.

ಆ ಸಲ ನಮ್ಮ ಜೊತೆ ಬಂದಿದ್ದ ಗಣಿತದ ಮಾಸ್ತರು ಪಕ್ಕದಲ್ಲೇ ಇದ್ದರು. "ಪಟ್ಟಿ ಸರಿ ಐತಲ್ಲೋ ಮಾರಾಯಾ, ಹಸಿವ್ಯಾಗೇತಿ, ನಡಿ. ಯಾವನೋ ಎರಡು ಇಟ್ಟಿರ್ತಾನ" ಎಂದರು.

"ನನ್ನ ಮಕ್ಕಳು ಹಂಗ ಮಾಡಂಗಿಲ್ರಿ" ಎಂದರು ಸರ್. "ನಿನ್ನೆ ಸಂಜಿಕ ಕಥಿ ಕೇಳ್ಯಾರ." ಆಮೇಲೆ ಸುತ್ತ ನೋಡಿದರು. ಎಮ್ಮೆಗಳೂ ಇರಲಿಲ್ಲ, ಗೌಳಿವಾಡದ ಮಕ್ಕಳೂ ಇರಲಿಲ್ಲ. "ಆ ಸಣ್ಣ ಕೂಸುಗಳೊಳಗ ಒಂದು ನಮ್ಮನ್ನ ನೋಡಿ ಕಲ್ಲಿಟ್ಟು ನಮ್ಮ ಹಿಂದ ಕಾಡಿನ್ಯಾಗ ಬಂದಿರಬೇಕು. ಹಿಂದ ಇದ್ದಾವ ನಾನು, ನನಗ ಕಾಣಬೇಕಿತ್ತು."

ಆಗ ಹೇಳಬೇಕಿತ್ತು. ಒಂದು ಸುಳ್ಳಾದರೂ ಸಾಕಿತ್ತು, "ನಂದ ಸರ್ರ, ಮರತೆ" ಎಂದು. ಆದರೆ ನಾನು ಆಗಲೇ ಎಲ್ಲರೆದುರು ನನ್ನ ಕಲ್ಲು ಎತ್ತಿಯಾಗಿತ್ತು. ನಿಜ ಹೇಳಿದರೆ ಆ ಹುಡುಗಿಯ ಗುಟ್ಟು ಇಪ್ಪತ್ತು ಹುಡುಗರ ಎದುರು ಬೀಳುತ್ತಿತ್ತು. ಇದು ನಾನು ನನಗೆ ಹೇಳಿಕೊಂಡ ಕಾರಣ. ಇನ್ನೊಂದು ಕಾರಣವೂ ಇತ್ತು: ನಿಯಮ ಮುರಿದವಳು ನಾನು ಎಂದು ಆ ಗಣಿತದ ಮಾಸ್ತರ ಎದುರು ಒಪ್ಪಿಕೊಳ್ಳಲು ನನಗೆ ಅವಮಾನ. ಸರ್ ಅನ್ನು ಆಚೆ ಕರೆದು ಮೆಲ್ಲಗೆ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಅವರು ನೀರಿನ ಬಾಟ್ಲಿ ಹೆಗಲಿಗೆ ಹಾಕಿ ಹೊರಟೇಬಿಟ್ಟಿದ್ದರು.

ನಾನು ಇಪ್ಪತ್ತು ಹೆಜ್ಜೆ ಓಡಿದೆ. "ಸರ್ರ!" ಎಂದು ಕೂಗಿದೆ. ಏರಿನ ಮೇಲಿಂದ ಅವರು ತಿರುಗಿ ಕೈ ಬೀಸಿದರು. "ಹೆದರಬ್ಯಾಡ್ರಿ ಬಾಯಾರ. ಮಕ್ಕಳಿಗೆ ಊಟಕ್ಕ ಹಚ್ರಿ, ನಾ ಬಂದ್ನಿ ಈಗ." ನನ್ನ ಹಿಂದೆ ಅರ್ಧ ತರಗತಿ ನಿಂತು ನೋಡುತ್ತಿತ್ತು. ನಾನು ತಿರುಗಿ ಬಂದೆ. ಅವರ ಕಿಟ್ಲಿ ಸೀಟಿ ಸುಂಯ್ ಸುಂಯ್ ಎನ್ನುತ್ತ ದೂರವಾಯಿತು.

ಮೂರು ತಾಸಿನ ಮೇಲೆ ಇಬ್ಬರು ಗೌಳಿಗರು ಕಂಬಳಿಯ ಜೋಲಿಯಲ್ಲಿ ಅವರನ್ನು ಹೊತ್ತುಕೊಂಡು ಬಂದರು. ಒಣ ಹಳ್ಳದ ಬಂಡೆಯ ಮೇಲೆ ಜಾರಿ ಮೊಣಕಾಲಿನ ಚಿಪ್ಪು ಒಡೆದಿತ್ತು. ಮುಖದ ತುಂಬ ಬೆವರು. ಮೊದಲು ಕೇಳಿದ್ದು, "ಸಿಕ್ಕಿತೇನ್ರಿ ಕೂಸು?" ಎಂದು. ಕಾಲಿನ ಮಾತು ಆಮೇಲೆ.

ಆಸ್ಪತ್ರೆಗೆ ಮೋಸಂಬಿ ಹಿಡಿದುಕೊಂಡು ಹೋದೆ, ಹೇಳಿಯೇ ತೀರಬೇಕೆಂದು. ಅವರು ಮಾತಿಗೆ ಎಡೆಯೇ ಕೊಡಲಿಲ್ಲ. "ಗಣಿತದವರು ಹೇಳ್ತಾರ, ಯಾರೋ ಎರಡು ಇಟ್ಟಾರ ಅಂತ. ನೀವ ಹೇಳ್ರಿ ಬಾಯಾರ, ನೀವು ನಾಕು ವರ್ಷ ಬಂದೀರಿ. ನಮ್ಮವರು ಹಂಗ ಮಾಡೂ ಮಂದಿಯೇನ್ರಿ?" ಎಂದರು. ನಾನು "ಇಲ್ರಿ ಸರ್ರ" ಎಂದೆ. ಥೂ! ಈ ಬಾಯಿಂದ ಮಕ್ಕಳಿಗೆ ವಚನ ಕಲಿಸುತ್ತೇನೆ.

ಮರುದಿನ ಶಾಲೆಯಲ್ಲಿ ಹುಡುಗಿ ಕೇಳಿದಳು: "ಬಾಯಾರ, ಸರ್‌ಗೆ ಹೇಳಿದ್ರೇನ್ರಿ?" "ಹೇಳೇನವ್ವಾ, ನೀ ಇನ್ನ ಆ ವಿಷಯ ಎತ್ತಬ್ಯಾಡ" ಎಂದೆ. ಅವಳು ನಂಬಿದಳು.

ವಿಚಾರಣೆಗೆ ಮೇಲಿನ ಸಾಹೇಬರು ಬಂದರು. ಹೆಡ್‌ಮಾಸ್ತರ ಕೋಣೆಯಲ್ಲಿ ಸರ್ ಕಾಲು ಚಾಚಿ ಕೂತಿದ್ದರು. ಪಟ್ಟಿ ಹಿಡಿದು ನಾನು ಗೋಡೆಗೆ ಆನಿಕೊಂಡಿದ್ದೆ. "ಪಟ್ಟಿಯೊಳಗ ಎಲ್ಲಾರೂ ಇದ್ರಂದ ಮ್ಯಾಲ ಮಕ್ಕಳನ್ನ ಬಿಟ್ಟು ನೀವ್ಯಾಕ ಕಾಡು ಹೊಕ್ಕಿರಿ? ಒಂದು ಕಲ್ಲಿನ ಸಲುವಾಗಿ?"

"ಪಟ್ಟಿಯೊಳಗ ನಮ್ಮ ಮಕ್ಕಳು ಅಷ್ಟ ಇರ್ತಾರ್ರಿ ಸಾಹೇಬ್ರ. ಕಾಡಿನ್ಯಾಗ ಯಾರ ಮಕ್ಕಳಾದ್ರೂ ಇರ್ತಾರ."

ಸಾಹೇಬರು ನನ್ನ ಕಡೆ ತಿರುಗಿದರು. "ನಿಮಗೇನಾದ್ರೂ ಗೊತ್ತೈತೇನ್ರಿ?" ಆಗ ಮುಂಡಗೋಡಕ್ಕೆ ನನ್ನ ವರ್ಗಾವಣೆಯ ಅರ್ಜಿ ಅವರ ಮೇಜಿನ ಮೇಲೆಯೇ ಇತ್ತು. ಗಂಡ ಅಲ್ಲಿ, ನಾನು ಇಲ್ಲಿ. ಹೆದರಿದೆ. ಅಷ್ಟೇ, ಬೇರೆ ದೊಡ್ಡ ಕಾರಣ ಹುಡುಕುವುದು ಬೇಡ. "ಗೊತ್ತಿಲ್ರಿ" ಎಂದೆ. ಆ ವರ್ಗಾವಣೆ ಬರಲೂ ಇಲ್ಲ.

ಸರ್ ಇನ್ನು ಮೇಲೆ ಮಕ್ಕಳನ್ನು ಶಾಲೆಯ ಗೇಟಿನಾಚೆ ಕರೆದೊಯ್ಯಕೂಡದು ಎಂದು ಆದೇಶವಾಯಿತು. ಡೇರೆಗಳನ್ನು ಮಡಚಿ ಪ್ರಯೋಗಾಲಯದ ಅಟ್ಟದ ಮೇಲೆ ಹಾಕಿದರು. ಸ್ಟಾಫ್ ರೂಮಿನಲ್ಲಿ ಅವರಿಗೆ "ಕಲ್ಲು ಸರ್" ಎಂಬ ಹೆಸರು ಬಿತ್ತು. ನಕ್ಕವರಲ್ಲಿ ನಾನಿರಲಿಲ್ಲ, ಬೇಡ ಅಂದವರಲ್ಲೂ ಇರಲಿಲ್ಲ. ಮೈದಾನದಲ್ಲಿ ಕುರ್ಚಿ ಹಾಕಿಕೊಂಡು, ಕಾಲು ಇನ್ನೊಂದು ಕುರ್ಚಿಯ ಮೇಲಿಟ್ಟು, ಸೀಟಿ ಊದುತ್ತಿದ್ದರು. ಕೊನೆಯ ಓಟಗಾರ ಬಂದು ಗೆರೆ ಮುಟ್ಟುವವರೆಗೂ ಎದ್ದು ನಿಂತಿರುವುದನ್ನು ಮಾತ್ರ ಬಿಡಲಿಲ್ಲ.

ಆದೇಶ ಮಕ್ಕಳನ್ನು ಕರೆದೊಯ್ಯಬೇಡ ಎಂದಿತ್ತು, ತಾವು ಹೋಗಬೇಡಿ ಎಂದಿರಲಿಲ್ಲ. ಪ್ರತಿ ವರ್ಷ ಅದೇ ದಿನಗಳಲ್ಲಿ ಕುಂಟುತ್ತ ಗಣೇಶಗುಡಿಯ ಬಸ್ಸು ಹತ್ತುತ್ತಿದ್ದರು. ಬಂದು ನನಗೆ ವರದಿ ಕೊಡುತ್ತಿದ್ದರು. ನನಗೇ! ಯಾಕೆಂದರೆ ಆ ದಿನ ಹಿಂದಿನಿಂದ ಓಡಿ ಬಂದು ಕೂಗಿದವಳು ನಾನೊಬ್ಬಳೇ ಅಲ್ಲವೇ. "ಕಲ್ಲ ಅಲ್ಲೇ ಐತ್ರಿ ಬಾಯಾರ. ಗೌಳಿವಾಡದಾಗ ಕೇಳಿದೆ, ನಮ್ಮ ಕೂಸು ಯಾವೂ ಕಳದಿಲ್ಲ ಅಂತಾರ. ಆದರ ಆ ವರ್ಷ ಇದ್ದ ಎರಡು ಮನಿಯವರು ಎಮ್ಮಿ ಹೊಡಕೊಂಡು ಬ್ಯಾರೆ ಕಡೆ ಹೋಗ್ಯಾರಂತ. ಮುಂದಿನ ವರ್ಷ ಅವರನ್ನ ಹುಡುಕೂಣು." ನಾನು ತಲೆಯಾಡಿಸುತ್ತಿದ್ದೆ. ಒಂದು ಮಾತು, ಒಂದೇ ಒಂದು ಮಾತು ಆ ಮನುಷ್ಯನ ಎದೆಯ ಭಾರ ಇಳಿಸುತ್ತಿತ್ತು. ಒಂದು ವರ್ಷ ಬಿಟ್ಟ ಮಾತು ಎರಡನೇ ವರ್ಷಕ್ಕೆ ಎರಡು ಪಟ್ಟು ಭಾರವಾಗುತ್ತದೆ. ಐದನೇ ವರ್ಷಕ್ಕೆ ಎತ್ತಲಿಕ್ಕೇ ಬರುವುದಿಲ್ಲ. ಅವರ ನಿವೃತ್ತಿಯ ಸಮಾರಂಭದಲ್ಲಿ ಮಾನಪತ್ರ ಓದಿದವಳೂ ನಾನೇ. "ಸತ್ಯನಿಷ್ಠರು" ಎಂದು ಬರೆದಿದ್ದೆ.

ಸುದ್ದಿ ಬಂದ ಹನ್ನೊಂದನೇ ದಿನ ಅಂಬೇವಾಡಿಗೆ ಹೋದೆ. ಅವರ ಹೆಂಡತಿ, ನಾವು ಭಾಭಿ ಎನ್ನುವವರು, ಇದ್ದತ್‌ನಲ್ಲಿದ್ದರು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಮನೆಯೊಳಗೇ ಇರುವ ಪದ್ಧತಿ ಅದು. ಒಳಕೋಣೆಯಲ್ಲಿ ಚಾಪೆ ಹಾಕಿ ಕೂಡಿಸಿದರು. ಸೊಸೆ ಚಹಾ ತಂದಿಟ್ಟಳು. ಗೋಡೆಯ ಗೂಡಿನಲ್ಲಿ ಅವರ ಕನ್ನಡಕ, ತಸ್ಬಿಯ ಮಣಿಸರ, ಕಿಟ್ಲಿ ಸೀಟಿ. ಅವುಗಳ ಪಕ್ಕದಲ್ಲಿ ಕೆಂಪು ಗೆರೆಯ ಬಿಳಿ ಕಲ್ಲು.

ನನ್ನ ಕಣ್ಣು ಅಲ್ಲಿ ನಿಂತದ್ದನ್ನು ಭಾಭಿ ನೋಡಿದರು. "ಹೋದ ವರ್ಷ ಕಡೀ ಸಲ ಹೋದಾಗ ತಂದ್ರು. ಇನ್ನ ಕಾಲು ಕೇಳಂಗಿಲ್ಲ, ನಾ ಹೋಗಲಿಲ್ಲಾಂದ್ರ ಅಲ್ಲಿ ಇದನ್ನ ಯಾರು ಕಾಯ್ತಾರ ಅಂದ್ರು. ನೀವೂ ಅವತ್ತ ಇದ್ರಲ್ಲರಿ ಬಾಯಾರ. ಇದು ಯಾರದಂತ ನಿಮಗೇನಾದ್ರೂ ಗೊತ್ತಾತೇನ್ರಿ?"

ಸಾಹೇಬರು ಕೇಳಿದ ಪ್ರಶ್ನೆಯೇ ಅದು. ಈ ಸಲ ನನ್ನೆದುರು ವರ್ಗಾವಣೆಯ ಅರ್ಜಿ ಇರಲಿಲ್ಲ.

"ನಾನ ಇಟ್ಟಿದ್ದೆ ಭಾಭಿ" ಎಂದೆ. ಎಲ್ಲವನ್ನೂ ಹೇಳಿದೆ. ಹುಡುಗಿಯ ಹೆಸರು ಬಿಟ್ಟು, ನನ್ನದನ್ನು ಏನೂ ಬಿಡದೆ. ಚಹಾ ಆರಿ ಕೆನೆಗಟ್ಟಿತು.

ಭಾಭಿ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು, "ಹಂಗಾರ ಯಾರೂ ಕಳದಿಲ್ಲ?"

"ಇಲ್ರಿ."

"ಒಂದು ಕೂಸೂ ಇಲ್ಲ?"

"ಇಲ್ರಿ ಭಾಭಿ."

"ಏಳು ವರ್ಷ" ಎಂದರು ಅವರು, ನನ್ನ ಕಡೆ ನೋಡದೆ. "ಏಳು ವರ್ಷ ಪ್ರತಿ ನಮಾಜ್ ಆದ ಮ್ಯಾಲ ಆ ಕೂಸಿನ ಸಲುವಾಗಿ ದುವಾ ಮಾಡ್ಯಾರ್ರಿ. ಹೆಸರು ಗೊತ್ತಿಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ. ಕಡೀ ದಿನಾನೂ ಮಾಡ್ಯಾರ."

ನಾನು ಅಳಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕು. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಎದ್ದರು. ಗೂಡಿನಲ್ಲಿ ಸೀಟಿಯನ್ನು ಸರಿಸಿ, ಕಲ್ಲಿಗೆ ಕೈ ಚಾಚಿ, ಮುಟ್ಟದೆ ಹಾಗೇ ನಿಂತರು.

"ಇಟ್ಟವರ ಎತ್ತಬೇಕು ಅಂತಿದ್ರು" ಎಂದರು. "ಬರ್ರಿ. ನೀವ ಎತ್ರಿ."

ಎದ್ದು ಹೋಗಿ ಎತ್ತಿಕೊಂಡೆ. ಅಂಗೈಯಷ್ಟೂ ಇಲ್ಲದ ಕಲ್ಲು. ನುಣುಪಾಗಿತ್ತು, ಯಾರೋ ದಿನಾ ಒರೆಸಿ ಇಟ್ಟಿದ್ದರು.

"ಬಂದೇನ್ರಿ ಸರ್ರ" ಎಂದೆ.

ಅಭ್ಯಾಸಬಲದಿಂದ ಹಾಗೇ ನಿಂತೆ. "ಆತು, ಊಟಕ್ಕ ನಡಿ" ಎಂಬ ಮಾತು ಕೇಳದೆ ಆ ಸಾಲಿನಿಂದ ಯಾರೂ ಕದಲುತ್ತಿರಲಿಲ್ಲ.